ಬಲಕ್ಕೆ ತಳ್ಳಿದರೆ ಎಡಕ್ಕೆ ಬರುವ ಬಾಣ

ನಮ್ಮ ಮನೆಗೆ ಯಾರೇ ಹೊಸಬರು ಬಂದರೂ ನಮ್ಮ ಮನೆಯವರು ಕಾಫಿಗೆ ಮೊದಲು ಪಾಠ ಶುರುಮಾಡುತ್ತಾರೆ.

"ಬಾಗಿಲನ್ನ ಸ್ವಲ್ಪ ಮೇಲಕ್ಕೆತ್ತಿ ತಳ್ಳಿ, ಸುಮ್ನೆ ತಳ್ಳಿದ್ರೆ ಬರಲ್ಲ. ಆ ಕುರ್ಚೀಲಿ ಕೂತ್ರೆ ಹಿಂದಕ್ಕೆ ಒರಗಬೇಡಿ. ಕೈ ತೊಳೀಬೇಕಾ? ನಲ್ಲಿನ ಉಲ್ಟಾ ತಿರುಗಿಸಿ, ನೀರು ಬರುತ್ತೆ."

ಬಂದವರು ನೆಂಟರೋ, ಮೀಟರ್ ನೋಡುವವನೋ ಎಂಬ ಭೇದವಿಲ್ಲ. ಹೇಳುವ ದನಿಯೂ ಒಂದೇ. ಅದರಲ್ಲಿ ಬೇಜಾರಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. ನಾಚಿಕೆಪಡುವ ಕೆಲಸವನ್ನೆಲ್ಲ ನನಗೆ ವಹಿಸಿಬಿಟ್ಟಿದ್ದಾರೆ.

ಕೆಟ್ಟದ್ದನ್ನು ರಿಪೇರಿ ಮಾಡಿಸುವುದೆಂದರೆ ಈ ಮನುಷ್ಯನಿಗೆ ಆಗಿಬರುವುದಿಲ್ಲ. ಸ್ಕೂಟರನ್ನು ಎಡಕ್ಕೆ ಮಲಗಿಸಿ, ಎಬ್ಬಿಸಿ, ಇನ್ನೊಮ್ಮೆ ಮಲಗಿಸಿದ ಮೇಲೇ ಸ್ಟಾರ್ಟ್ ಮಾಡುತ್ತಾರೆ. ಗೋಡೆ ಗಡಿಯಾರ ಮುಂದೆ ಓಡುತ್ತದೆ, ಇವರು ಮನಸ್ಸಿನಲ್ಲೇ ಅಷ್ಟು ನಿಮಿಷ ಕಳೆದು ಹೊರಡುತ್ತಾರೆ. ಛತ್ರಿಯಲ್ಲಿ ತೂತಿದ್ದರೆ ಆ ತೂತು ಯಾವ ಕಡೆ ಇದೆ ಎಂದು ನೋಡಿ ಹಿಡಿಯುತ್ತಾರೆ. "ರೀ, ಸರಿ ಮಾಡಿಸಬಾರದಾ?" ಎಂದು ನಾನು ಕೇಳಿದಾಗಲೆಲ್ಲ ಉತ್ತರ ಒಂದೇ: "ಯಾಕೆ? ಅಭ್ಯಾಸ ಆಗಿದೆಯಲ್ಲ."

ನಾನು ಇದಕ್ಕೆ ತದ್ವಿರುದ್ಧ. ಮೊಳೆ ಸಡಿಲವಾಗಿದ್ದು ಕಣ್ಣಿಗೆ ಬಿದ್ದರೆ ನನಗೆ ಊಟ ಸೇರುವುದಿಲ್ಲ. ಇಂಥ ನನ್ನನ್ನು ಇಂಥವರಿಗೆ ಕೊಟ್ಟು ಮದುವೆ ಮಾಡಿದ ಹಿರಿಯರನ್ನು ನೆನೆದು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ಇವರ ಇನ್ನೊಂದು ಹಟವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎಲ್ಲಿ ಹೋದರೂ ಇವರಿಗೆ ನನ್ನ ಬಲಗಡೆಯೇ ಆಗಬೇಕು. ಬಸ್ಸಿನಲ್ಲಿ ಬಲಗಡೆ, ಸಿನಿಮಾ ಮಂದಿರದಲ್ಲಿ ಬಲಗಡೆ, ಮಲಗುವಾಗಲೂ ಬಲಗಡೆ. ರಸ್ತೆಯ ಬಲಬದಿಯಲ್ಲಿ ನಡೆಯುವಾಗಲೂ ವಾಹನ ಬರುವ ಕಡೆಗೆ ನನ್ನನ್ನು ಬಿಟ್ಟು ತಾವು ಅಂಗಡಿಗಳ ಪಕ್ಕ ಆರಾಮಾಗಿ ನಡೆಯುತ್ತಾರೆ. ಎಂಥ ಗಂಡಸು ಎಂದು ಮೈಯೆಲ್ಲ ಉರಿಯುತ್ತಿತ್ತು. ಜಗಳವಾದಾಗ ಮಾತ್ರ ನನ್ನ ಎಡಗಡೆ ಬಂದು ನಿಲ್ಲುತ್ತಾರೆ. ಆಗ ಬಾಯಿ ಸುಮ್ಮನೆ ಆಡುತ್ತಿರುತ್ತದೆ. ಯಾವುದೋ ಪುಸ್ತಕದ ಪುಟಗಳ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡು ನಾನೂ ತಣ್ಣಗಾಗುತ್ತಿದ್ದೆ. ಅಷ್ಟಕ್ಕೂ ಈಗಿನ ಜನಕ್ಕೆ ಬಾಯಿಬಿಟ್ಟು ಮಾತಾಡುವುದೇ ಗೊತ್ತಿಲ್ಲ. ಎಲ್ಲರೂ ತುಟಿಯಲ್ಲೇ ನುಂಗುತ್ತಾರೆ. ನನ್ನ ನಾದಿನಿಯೇ ಮೊನ್ನೆ ಪಕ್ಕದಲ್ಲಿ ಕೂತು ಏನೋ ಗೊಣಗಿ, ನಾನು ಉತ್ತರ ಕೊಡಲಿಲ್ಲವೆಂದು ಮುಖ ಊದಿಸಿಕೊಂಡಳು.

ಇವರ ಕೆಲಸ ಪುಟ ಕಟ್ಟುವುದು. ಬರೆದವರು ಬರೆದು ಕೊಟ್ಟದ್ದನ್ನು, ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದೊಂದು ಪುಟಕ್ಕೂ ಒಪ್ಪವಾಗಿ ಕೂರಿಸಿ ಪ್ರೆಸ್ಸಿಗೆ ಕೊಡುತ್ತಾರೆ. ಪ್ರೆಸ್ಸಿನಲ್ಲಿ ಇವರಿಗೆ 'ಪೇಜು ಮೇಷ್ಟ್ರು' ಎಂದೇ ಹೆಸರು. ಹಳೆಯ ಯಜಮಾನರ ನಂತರ ಅವರ ಮಗಳು ಪ್ರೆಸ್ಸು ವಹಿಸಿಕೊಂಡು, ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟು, ಪುಟ ಕಟ್ಟುವವರೆಲ್ಲ ಇನ್ನು ಮನೆಯಲ್ಲೇ ಕೆಲಸ ಮಾಡಲಿ ಎಂದರು. ಒಂದು ಲ್ಯಾಪ್‌ಟಾಪನ್ನೂ ಕೊಟ್ಟರು. ಅದೇ ಹೊತ್ತಿಗೆ ಪ್ರೆಸ್ಸಿಗೆ ಹಕ್ಕಿಗಳ ದೊಡ್ಡ ಪುಸ್ತಕವೊಂದು ಬಂತು. ಪುಟಪುಟಕ್ಕೂ ಬಣ್ಣದ ಚಿತ್ರ. ಬರಹ ಒಂದು ಪರದೆಯಲ್ಲಿ, ಪುಟ ಇನ್ನೊಂದು ಪರದೆಯಲ್ಲಿ ಇಟ್ಟುಕೊಂಡು ಚಕಚಕ ಕೆಲಸ ಮಾಡುವವರಿಗೇ ಅದನ್ನು ಕೊಡುವುದಾಗಿ, ತಾವೇ ಬಂದು ಪಕ್ಕದಲ್ಲಿ ಕೂತು ನೋಡುವುದಾಗಿ ಯಜಮಾನಿ ತಿಳಿಸಿದರು.

"ಆ ಪುಸ್ತಕ ನಂಗೆ ಬೇಕು ಕಣೇ," ಎಂದರು ಇವರು ಅವತ್ತು ಊಟದ ಹೊತ್ತಿನಲ್ಲಿ.

ಇವರು ಬಾಯಿಬಿಟ್ಟು ಒಂದು ವಸ್ತು ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಅಟ್ಟದ ಮೇಲೆ ಹಳೆಯ ಕಂಪ್ಯೂಟರಿನ ದೊಡ್ಡ ಪರದೆಯೊಂದಿತ್ತು. ಅದರ ತಂತಿಯ ತುದಿ ಅಗಲ, ಎರಡೂ ಕಡೆ ತಿರುಪು. ಲ್ಯಾಪ್‌ಟಾಪಿನ ಕಿಂಡಿಯೋ ಉಗುರಿನಷ್ಟು. ಇವರು ಅಂಗಡಿಗೆ ಹೋಗಿ ಒಂದು ಅಡಾಪ್ಟರ್ ತಂದರು. ಗೇಣುದ್ದವೂ ಇಲ್ಲ, ಒಂದು ಕಡೆ ಸಣ್ಣ ಮೂತಿ, ಇನ್ನೊಂದು ಕಡೆ ಅಗಲ ಬಾಯಿ.

"ನೋಡು, ಲ್ಯಾಪ್‌ಟಾಪಿಗೆ ಹೇಳೋಕೆ ಬರೋದೇ ಒಂದು ಥರ, ಆ ಪರದೆಗೆ ಅರ್ಥ ಆಗೋದೇ ಇನ್ನೊಂದು ಥರ. ಇದು ಮಧ್ಯೆ ಕೂತು ಹೊಂದಿಸುತ್ತೆ. ಅದನ್ನೂ ಬದಲಾಯಿಸೋದು ಬೇಡ, ಇದನ್ನೂ ಬದಲಾಯಿಸೋದು ಬೇಡ." ಇಷ್ಟು ಖುಷಿಯಾಗಿ ಇವರು ನನ್ನ ಒಡವೆಯನ್ನೂ ವರ್ಣಿಸಿದ್ದಿಲ್ಲ.

ಚುಚ್ಚಿದರೆ ಪರದೆ ಬೆಳಗಿತು, ಆರಿತು, ಮತ್ತೆ ಬೆಳಗಿತು. ಅಡಾಪ್ಟರಿನ ಮೂತಿ ಸಡಿಲ. ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬನ್ನಿ ಎಂದೆ. ಇವರು ನನ್ನ ಮಾತು ಮುಗಿಯುವಷ್ಟರಲ್ಲಿ ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ತಂದು ಆ ಮೂತಿಗೆ ಸಿಕ್ಕಿಸಿದರು. ಪರದೆ ಆರದೆ ನಿಂತಿತು. ಅವತ್ತಿನಿಂದ ನನ್ನದೊಂದು ರವಿಕೆ ಕ್ಲಿಪ್ಪಿಲ್ಲದೆ ಹಾರಾಡುತ್ತಿದೆ.

ಇನ್ನೊಂದು ತೊಡಕಿತ್ತು. ಪರದೆಯನ್ನು ಲ್ಯಾಪ್‌ಟಾಪಿನ ಎಡಗಡೆ ಇಟ್ಟರು. ಬಲಗಡೆ ಇಡುವಂತಿರಲಿಲ್ಲ, ಯಾಕೆಂದರೆ ನಮ್ಮ ಮೇಜಿಗೆ ಬಲಗಡೆಯ ಕಾಲು ಗಿಡ್ಡ, ಭಾರ ಬಿದ್ದರೆ ವಾಲುತ್ತದೆ. ಆದರೆ ದೊಡ್ಡ ಪರದೆ ತನ್ನ ಬಲಗಡೆಯೇ ಇದೆ ಎಂದು ಲ್ಯಾಪ್‌ಟಾಪ್ ತಿಳಿದುಕೊಂಡಿತ್ತು. ಹೀಗಾಗಿ ಮೌಸಿನ ಬಾಣ ಎಡಗಡೆಯ ದೊಡ್ಡ ಪರದೆಗೆ ಹೋಗಬೇಕಾದರೆ ಅದನ್ನು ಬಲಕ್ಕೆ ತಳ್ಳಬೇಕು. ಬಲಗಡೆಯ ಅಂಚಿನಲ್ಲಿ ಮಾಯವಾಗಿ, ಎಡಗಡೆಯ ಪರದೆಯ ಆ ತುದಿಯಲ್ಲಿ ಹೊರಬರುತ್ತದೆ. ವಾಪಸು ತರಬೇಕಾದರೆ ಎಡಕ್ಕೆ ತಳ್ಳಬೇಕು. ನೋಡಲಾರದೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಇವರು ನಾಲ್ಕು ದಿನ ತಡಕಾಡಿದರು, ಐದನೆಯ ದಿನ ಕೈ ಪಳಗಿಬಿಟ್ಟಿತು. ಆಮೇಲೆ ಅದೇನು ವೇಗ! ಹಕ್ಕಿಗಳು ಬಲಗಡೆಯಿಂದ ಹಾರಿ ಎಡಗಡೆ ಬಂದು ಕೂರುತ್ತಿದ್ದವು.

ಯಜಮಾನಿ ಬರುವ ದಿನ ಬೆಳಿಗ್ಗೆ ಇವರು ಕ್ಷೌರಕ್ಕೆ ಹೋಗಿದ್ದರು. ಆ ಹೊತ್ತಿಗೆ ನನ್ನ ತಮ್ಮ ಬಂದ. ಅವನು ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಮೇಜಿನ ಮುಂದೆ ಕೂತು ಮೌಸನ್ನು ಒಮ್ಮೆ ಅಲ್ಲಾಡಿಸಿ ನನ್ನ ಮುಖ ನೋಡಿದ.

"ಅಕ್ಕಾ, ಇದ್ಯಾವ ಜನ್ಮದ ಶಿಕ್ಷೆ? ಭಾವ ಹೀಗೇ ಕೆಲಸ ಮಾಡ್ತಾರಾ?"

"ಹೀಗೇ ಮಾಡ್ತಾರೆ. ಹೀಗೇ ಬದುಕ್ತಾರೆ," ಎಂದೆ.

ಅವನು ಎಲ್ಲೋ ಒತ್ತಿದ. ಒಂದು, ಎರಡು ಎಂದು ಬರೆದ ಎರಡು ಚೌಕಗಳು ಬಂದವು. ಎರಡನೆಯದನ್ನು ಬಲಗಡೆಯಿಂದ ಎಳೆದು ಎಡಗಡೆ ಬಿಟ್ಟ. ಅಷ್ಟೇ. ಬಾಣ ಎಡಕ್ಕೆ ತಳ್ಳಿದರೆ ಎಡಕ್ಕೆ ಹೋಗತೊಡಗಿತು. ಕೊನೆಗೂ ಈ ಮನೆಯಲ್ಲಿ ಒಂದು ವಸ್ತು ನೆಟ್ಟಗಾಯಿತು ಎಂದು ನನಗೆ ಆನಂದವೋ ಆನಂದ. ತಮ್ಮನಿಗೆ ಎರಡು ಲೋಟ ಕಾಫಿ ಕೊಟ್ಟು ಕಳಿಸಿದೆ.

ಇವರು ಬರುವಷ್ಟರಲ್ಲಿ ಯಜಮಾನಿ ಬಾಗಿಲಲ್ಲಿದ್ದರು. "ಸ್ವಲ್ಪ ಮೇಲಕ್ಕೆತ್ತಿ ತಳ್ಳಿ ಮೇಡಂ," ಎಂದು ಇವರು ಗೇಟಿನಿಂದಲೇ ಕೂಗಿದರು. ಒಳಗೆ ಕೂರಿಸಿ, ಒರಗಬಾರದೆಂದು ಹೇಳಿ, ಕೆಲಸ ಶುರುಮಾಡಿದರು. ವಿಷಯ ಹೇಳಲು ನನಗೆ ಪುರುಸೊತ್ತೇ ಸಿಗಲಿಲ್ಲ.

"ಮೇಷ್ಟ್ರೇ, ಆ ಗೂಬೆ ಚಿತ್ರ ತಂದು ಈ ಪುಟದಲ್ಲಿ ಹಾಕಿ ನೋಡೋಣ," ಎಂದರು ಯಜಮಾನಿ.

ಇವರು ಗೂಬೆಯನ್ನು ಹಿಡಿದು ಬಲಕ್ಕೆ ತಳ್ಳಿದರು. ಗೂಬೆ ಅಂಚಿಗೆ ಬಡಿದು ನಿಂತಿತು. ಇನ್ನಷ್ಟು ತಳ್ಳಿದರು. ಮೌಸು ಮೇಜಿನ ತುದಿಯ ತನಕ ಹೋಗಿ ಕಾಫಿ ಲೋಟಕ್ಕೆ ತಾಗಿತು, ಗೂಬೆ ಮಾತ್ರ ಅಲ್ಲಾಡಲಿಲ್ಲ. ಕ್ಲಿಪ್ಪಿನದೇ ತಪ್ಪೆಂದು ಅದನ್ನು ಒತ್ತಿದರು. ದೊಡ್ಡ ಪರದೆ ಕಪ್ಪಾಯಿತು, ಮತ್ತೆ ಬೆಳಗಿತು. ಹೊಸದಾಗಿ ಕತ್ತರಿಸಿದ ಕೂದಲಿನ ಕೆಳಗೆ ಬೆವರು ಇಳಿಯುವುದು ಕಾಣುತ್ತಿತ್ತು.

"ರೀ, ಎಡಕ್ಕೆ ತಳ್ಳಿ. ತಮ್ಮ ಬಂದು ಸರಿ ಮಾಡಿದಾನೆ," ಎಂದೆ.

ಇವರು ನನ್ನನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರು ದಾರಿಯಲ್ಲಿ ಸಿಕ್ಕವರನ್ನು ನೋಡುವ ಹಾಗಿತ್ತು. ಎಡಕ್ಕೆ ತಳ್ಳಿದರು. ಕೈ ಒಂದು ಹೇಳಿತು, ತಲೆ ಇನ್ನೊಂದು ಹೇಳಿತು, ಗೂಬೆ ಹೋಗಿ ಮುನ್ನುಡಿಯ ಮೇಲೆ ಕೂತಿತು. ಅದನ್ನು ಎಬ್ಬಿಸಲು ಹೋದರೆ ಮುನ್ನುಡಿಯೇ ಎದ್ದು ಬಂತು. ಕೆಟ್ಟದ್ದನ್ನೆಲ್ಲ ಬಳಸಲು ಬಲ್ಲ ಈ ಮನುಷ್ಯನಿಗೆ ಸರಿಯಾಗಿರುವುದನ್ನು ಬಳಸಲು ಬರುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಪುಸ್ತಕ ಕೈಬಿಟ್ಟು ಹೋಗುತ್ತಿತ್ತು, ಹೋಗುವಂತೆ ಮಾಡಿದವಳು ನಾನು.

ಯಜಮಾನಿ ಯಾವಾಗಲೋ ಎದ್ದು ನನ್ನ ಪಕ್ಕಕ್ಕೆ ಬಂದು ನಿಂತಿದ್ದರು. ನಾನು ಗೂಬೆಯನ್ನೇ ನೋಡುತ್ತಿದ್ದೆ. ಆಗ ಇವರು ಪರದೆಯಿಂದ ಕಣ್ಣೆತ್ತದೆ ಹೇಳಿದರು:

"ಅವಳಿಗೆ ಆ ಕಡೆಯಿಂದ ಹೇಳ್ಬೇಡಿ ಮೇಡಂ, ಬಲಗಡೆ ಬನ್ನಿ. ಎಡಗಿವಿ ಕೇಳ್ಸಲ್ಲ."

ಬಾಗಿಲು ಮೇಲಕ್ಕೆತ್ತಿ ಎಂದ ದನಿಯೇ. ನಲ್ಲಿ ಉಲ್ಟಾ ತಿರುಗಿಸಿ ಎಂದ ದನಿಯೇ. ಬೇಜಾರಿಲ್ಲ, ನಾಚಿಕೆಯಿಲ್ಲ. ಯಜಮಾನಿ ಎಲ್ಲ ಅತಿಥಿಗಳ ಹಾಗೆ ವಿಧೇಯರಾಗಿ ನನ್ನನ್ನು ಸುತ್ತಿ ಬಲಗಡೆಗೆ ಬಂದು, "ನಾನು ಇನ್ನೊಂದು ದಿನ ಬರ್ಲಾ ಅಂತ ಕೇಳ್ದೆ ಅಮ್ಮಾ, ಮೂರು ಸಲ ಕೇಳ್ದೆ," ಎಂದರು.

"ಒಂದು ನಿಮಿಷ ಇರಿ," ಎಂದು ನಾನು ಫೋನು ಹಿಡಿದು ಅಡುಗೆಮನೆಗೆ ನಡೆದೆ. ತಮ್ಮನಿಗೆ ಫೋನು ಹಚ್ಚಿ, ಯಾವತ್ತೂ ಇಲ್ಲದ್ದು, ಎಡಗಿವಿಗೆ ಇಟ್ಟುಕೊಂಡೆ. ಗಂಟೆಯ ಸದ್ದಿಲ್ಲ. ಉಸಿರು ಬಿಗಿಹಿಡಿದು ನಿಂತೆ. ಏನೂ ಇಲ್ಲ. ಮೆಲ್ಲಗೆ ಬಲಗಿವಿಗೆ ತಂದೆ.

"ಅಕ್ಕಾ! ಅಕ್ಕಾ! ಆಗಿನಿಂದ ಕೂಗ್ತಿದೀನಿ, ಎಲ್ಲಿದೀಯ?"

ನನಗೆ ಅಳುವೂ ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನನ್ನಲ್ಲೇ ಒಂದು ತೂತಿದ್ದು, ಅದು ನನಗೇ ಕಾಣದ ಹಾಗೆ ಒಬ್ಬ ಮನುಷ್ಯ ಇಷ್ಟು ವರ್ಷ ಪಕ್ಕ ಹಿಡಿದು ನಡೆದಿದ್ದಾನೆ! ಆದರೆ ಅಳುತ್ತ ನಿಲ್ಲುವ ಹೊತ್ತಲ್ಲ ಅದು.

"ನೀನು ಬೆಳಿಗ್ಗೆ ಮಾಡಿದ್ದನ್ನ ಮತ್ತೆ ಹಾಳು ಮಾಡೋದು ಹೇಗೆ, ಬೇಗ ಹೇಳು," ಎಂದೆ.

ಅವನು ಹೇಳಿದ. ಬಂದು, "ರೀ, ಏಳಿ," ಎಂದು ಇವರನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂತೆ. "ಇದಕ್ಕೂ ಒರಗಬೇಡ," ಎಂದರು ಇವರು. ಎರಡು ಚೌಕಗಳು ಬಂದವು. ಎರಡನೆಯದನ್ನು ಎಡಗಡೆಯಿಂದ ಎಳೆದು ಬಲಗಡೆ ಬಿಟ್ಟೆ. ನೆಟ್ಟಗಿದ್ದುದನ್ನು ನನ್ನ ಕೈಯಾರೆ ಸೊಟ್ಟ ಮಾಡಿದ್ದು ಜೀವನದಲ್ಲಿ ಅದೊಂದೇ ಸಲ.

ಇವರು ಕೂತು ಬಾಣವನ್ನು ಬಲಕ್ಕೆ ತಳ್ಳಿದರು. ಎಡಗಡೆ ಬಂತು. ಹೆಗಲು ಕೆಳಗಿಳಿಯಿತು. ಆಮೇಲೆ ಗೂಬೆ ಎದ್ದು ತನ್ನ ಪುಟಕ್ಕೆ ಹೋಯಿತು, ಮುನ್ನುಡಿ ತನ್ನ ಜಾಗಕ್ಕೆ ಬಂತು, ಕೊಕ್ಕರೆ, ಮರಕುಟಿಗ, ಗಿಳಿ ಒಂದಾದ ಮೇಲೊಂದು ಬಂದು ಕೂತವು. ಯಜಮಾನಿ ಸ್ವಲ್ಪ ಹೊತ್ತು ಬಾಣದ ಹಿಂದೆ ಕತ್ತು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡರು.

"ಮೇಷ್ಟ್ರೇ, ಪುಸ್ತಕ ನೀವೇ ಕಟ್ಟಿ. ಪಕ್ಕದಲ್ಲಿ ಮಾತ್ರ ನನ್ನ ಕೂರಿಸ್ಬೇಡಿ, ತಲೆ ಸುತ್ತುತ್ತೆ."

ಸಂಜೆ ಇಬ್ಬರೂ ನಡೆಯಲು ಹೋದೆವು. ಗೇಟು ದಾಟುತ್ತಲೇ ಇವರು ನನ್ನ ಬಲಗಡೆಗೆ ಬಂದರು.

"ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?" ಎಂದು ಕೇಳಿದೆ.

"ಏನಂತ ಹೇಳೋದು? ಬಲಗಡೆ ನಿಂತ್ರೆ ಕೇಳುತ್ತಲ್ಲ."

ಇಂಥವರಿಗೆ ಕೊಟ್ಟ ಹಿರಿಯರ ಬಗ್ಗೆ ಆ ಹೊತ್ತಿಗೆ ನನಗೆ ಯಾವ ತಕರಾರೂ ಇರಲಿಲ್ಲ. ನಾಲ್ಕು ಮನೆ ದಾಟುವ ತನಕ ಹಾಗೇ ಇತ್ತು. ಆಮೇಲೆ ಒಂದು ಮಾತು ನೆನಪಾಯಿತು.

"ಮತ್ತೆ ಜಗಳ ಆದಾಗ ಎಡಗಡೆ ಬಂದು ನಿಲ್ತೀರಲ್ಲ, ಬಾಯಿ ಆಡಿಸ್ತಾ? ಪುಟದ ಲೆಕ್ಕ ಅಂದ್ಕೊಂಡಿದ್ದೆ."

ಇವರು ಮುಂದಿನ ದೀಪದ ಕಂಬವನ್ನೇ ನೋಡುತ್ತ ನಡೆದರು. "ಒಂದೊಂದ್ಸಲ ಅದನ್ನೂ ಹಾಕ್ತೀನಿ," ಎಂದರು.

"ಸರಿ. ನಾಳೆನೇ ಕಿವಿ ಡಾಕ್ಟರ ಹತ್ರ ಹೋಗಿ ಮಿಷನ್ ಹಾಕಿಸ್ಕೊಳ್ತೀನಿ."

ಇವರು ನಡುರಸ್ತೆಯಲ್ಲಿ ನಿಂತುಬಿಟ್ಟರು. ಆ ಮುಖದಲ್ಲಿ ಅಷ್ಟು ಗಾಬರಿ ಕಂಡದ್ದು ಅದೇ ಮೊದಲು. ಗೂಬೆ ಮುನ್ನುಡಿಯ ಮೇಲೆ ಕೂತಾಗಲೂ ಅಷ್ಟಿರಲಿಲ್ಲ.

"ನೋಡು, ಬಾಗಿಲು ರಿಪೇರಿ ಮಾಡಿಸ್ತೀನಿ," ಎಂದರು. ನಾನು ಮುಂದೆ ನಡೆದೆ. "ನಲ್ಲಿನೂ ಮಾಡಿಸ್ತೀನಿ. ಇದೊಂದನ್ನ ಬಿಟ್ಬಿಡೇ."

ಮಾರನೆಯ ದಿನ ಬಡಗಿ ಬಂದ, ಅದರ ಮಾರನೆಯ ದಿನ ನಲ್ಲಿಯವನು ಬಂದ. ಡಾಕ್ಟರ ಹತ್ತಿರ ಹೋಗುವುದಿಲ್ಲ ಎಂದು ನಾನು ಇನ್ನೂ ಮಾತು ಕೊಟ್ಟಿಲ್ಲ. ಸ್ಕೂಟರ್ ಬಾಕಿ ಇದೆ.