ಹವಾಲ್ದಾರರ ಹುಕುಂ

ಹುಮನಾಬಾದಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ಹೋದರೆ ಈಗಲೂ ನನ್ನ ಮೂಗು ಮೊದಲು ಗ್ಯಾಸಿನ ವಾಸನೆ ಹುಡುಕುತ್ತದೆ. ಅದು ಇಲ್ಲವೆಂದು ಖಾತ್ರಿಯಾದ ಮೇಲೆಯೇ ನಾನು ಕೂಡುವುದು. ಅಂಜುಬುರುಕ ಅನ್ನಿ, ಅಡ್ಡಿಯಿಲ್ಲ.

ಅಂಗಡಿ ಘಾಟಬೋರಾಳದ ದೇವಿದಾಸರದು. ಇಪ್ಪತ್ತೆರಡು ವರ್ಷ ಫೌಜಿನಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು ಹೈದರಾಬಾದಿನ ಚಹಾ ಕಂಪನಿಯೊಂದರ ಫ್ರಾಂಚೈಸಿ ಹಿಡಿದರು. ಊರಿನ ಬುದ್ಧವಿಹಾರದ ಸಮಿತಿಗೂ ಅವರೇ ಅಧ್ಯಕ್ಷರು. ಮನೆಗೆ ಹಾವು ಹೊಕ್ಕರೂ, ಓಣಿಯಲ್ಲಿ ಜಗಳ ಹತ್ತಿದರೂ ಜನ "ಫೌಜಿ ಸಾಹೇಬ್ರನ್ನ ಕರೀರಿ" ಅನ್ನುತ್ತಿದ್ದರು. ಅವರಿಗೂ ಅಂಜಿಕೆ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅಂಗಡಿಯೂ ಪಲ್ಟನ್ನೇ. ಮುಂಜಾನೆ ಆರಕ್ಕೆ ಕೆಲಸದವರು ಸಾಲಾಗಿ ನಿಂತು ಹಾಜರಿ ಹೇಳಬೇಕು. "ನಾ ಹೇಳೂತನಕ ಯಾರೂ ತಮ್ಮ ಜಾಗಾ ಬಿಡಬಾರ್ದು" ಎಂಬುದು ದಿನದ ಹುಕುಂ. ದಿನದ ಗಿರಾಕಿಯಾದ ನಾನು ಚೇಷ್ಟೆ ಮಾಡುತ್ತಿದ್ದೆ: "ಚಹಾ ಕುದಿಸಾಕ ಇಷ್ಟ್ಯಾಕ್ರಿ ಕವಾಯತು? ವೈರಿ ಬರ್ತಾನೇನ್ರಿ?"

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಆ ವೈರಿ ಬಂದೇಬಿಟ್ಟ. ಅಡುಗೆಕೋಣೆಯಲ್ಲಿ ಸಿಲಿಂಡರಿನ ಪೈಪು ಕಳಚಿ ಸುಯ್ಯೆಂದು ಗ್ಯಾಸು ನುಗ್ಗಿತು. ಮೊದಲು ಓಡಿದವನು ನಾನು, ಬರಿಗಾಲಲ್ಲಿ. ಗಿರಾಕಿಗಳೆಲ್ಲ ರಸ್ತೆಗೆ ಬಂದೆವು. ಉಳಿದ ಕೆಲಸದವರು ಊಟಕ್ಕೆ ಹೋಗಿದ್ದರು. ತಿರುಗಿ ನೋಡಿದರೆ ಚಹಾ ಮಾಡುವ ವಿಶಾಖಾ ಒಳಗೇ ನಿಂತಿದ್ದಳು. ಕೊಡಂಬಲದವಳು, ಎರಡು ಮಕ್ಕಳ ತಾಯಿ. ಒಲೆಯನ್ನೇನೋ ಆರಿಸಿದ್ದಳು, ಆದರೆ ಫ್ರಿಜ್ಜಿನ ಮೋಟಾರಿನಿಂದ ಒಂದು ಕಿಡಿ ಹಾರಿದ್ದರೂ ಎಲ್ಲ ಮುಗಿಯುತ್ತಿತ್ತು.

"ಹೊರಗ ಬಾ ಯವ್ವಾ!" ಎಂದು ಎಲ್ಲರೂ ಚೀರಿದೆವು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲಿದ್ದ ದೇವಿದಾಸರನ್ನೇ ನೋಡುತ್ತಿದ್ದಳು. ಅವರ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಎರಡೂ ಕೈಯಿಂದ ಚೌಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಿದ್ದರು. ಹಾವು ಹಿಡಿಯುವ ಮನುಷ್ಯನೇ ಹೀಗೆ ಅಂಜಿದರೆ ನಮ್ಮ ಪಾಡೇನು?

"ಸಾಹೇಬ್ರ, ಹೇಳ್ರಿ! ಆಕಿ ನಿಮ್ಮ ಮಾತಿಗೆ ಕಾಯಾಕತ್ಯಾಳ!" ಎಂದು ನಾನು ಕೂಗಿದೆ.

ದೇವಿದಾಸರು ಗೋಡೆ ಹಿಡಿದುಕೊಂಡು ತಾವೇ ಒಳಗೆ ಹೋದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ವಿಶಾಖಾಳ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದರು. ಇಬ್ಬರೂ ರಸ್ತೆಯ ಮೇಲೆ ಕುಸಿದು ಕೆಮ್ಮಿದರು. ಅಗ್ನಿಶಾಮಕದವರು ಬಂದು ಗ್ಯಾಸು ನಿಲ್ಲಿಸಿದರು. ಬೆಂಕಿ ಹತ್ತಲಿಲ್ಲ, ನಮ್ಮ ಪುಣ್ಯ.

ಮರುದಿನ ಮುಂಜಾನೆ ಆರಕ್ಕೆ ನಾನೂ ಹೋಗಿದ್ದೆ. ಸಾಲು ನಿಂತಿತ್ತು. ದೇವಿದಾಸರು ಹೇಳಿದರು: "ನಿನ್ನೆ ನಾ ಅಂಜಿದ್ದೆ. ಇನ್ನ ಮ್ಯಾಲ ಹಂಗೇನರ ಆದ್ರ ನನ್ನ ಮಾರಿ ನೋಡಕೋತ ನಿಲ್ಲಬ್ಯಾಡ್ರಿ. ಓಡ್ರಿ."

ಸಾಲು ಕದಲಲಿಲ್ಲ. ವಿಶಾಖಾ ಮೆಲ್ಲಗೆ ಕೇಳಿದಳು: "ಇದು ಹುಕುಂ ಏನ್ರಿ ಸಾಹೇಬ್ರ?"

"ಹುಕುಂ ಅಲ್ಲವ್ವಾ," ಅಂದರು ದೇವಿದಾಸರು. "ಕೈ ಮುಗದು ಬೇಡಾಕತ್ತೇನಿ." ನಿಜವಾಗಿಯೂ ಕೈ ಮುಗಿದಿದ್ದರು.