ಬದನೆ ರಾಜನ ಎರಡು ಸಾಲು

ಈ ಕಾಲದ ಕವಿತೆಯಲ್ಲಿ ಹಾಸ್ಯದ ಸ್ಥಾನವೇನು ಎಂದು ಯಾರಾದರೂ ಕೇಳಿದರೆ ನನಗೆ ಸುಸ್ತಾಗುತ್ತದೆ. ಹೇಳಲು ಏನೂ ಇಲ್ಲವೆಂದಲ್ಲ. ಇರುವುದು ಒಂದೇ ಸಂಗತಿ, ಅದೂ ಬದನೆಕಾಯಿಗೆ ಸಂಬಂಧಿಸಿದ್ದು.

ಅರವತ್ತರ ದಶಕದ ಕೊನೆಯ ವರ್ಷಗಳು. ನಾನೂ ನನ್ನ ಗೆಳೆಯನೂ ಒಂದೇ ವಿಮಾ ಕಚೇರಿಯಲ್ಲಿ ಗುಮಾಸ್ತರು. ಹಲಸೂರಿನಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ಬಾಡಿಗೆ ಮನೆ. ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಇಬ್ಬರೂ ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದೆವು. ತರಕಾರಿ ಹಲಸೂರಿನಲ್ಲೂ ಸಿಗುತ್ತಿತ್ತು. ನಾನು ಅಷ್ಟು ದೂರ ಹೋಗುತ್ತಿದ್ದುದು ಅವನ ಮಾತು ಕೇಳುವುದಕ್ಕೆ. ಹೂವಿನವಳ ಹತ್ತಿರ ತಮಿಳು, ಹಣ್ಣಿನವನ ಹತ್ತಿರ ಉರ್ದು, ಎರಡೂ ಅರ್ಧಂಬರ್ಧ. ಚೌಕಾಸಿ ಮಾತ್ರ ಕನ್ನಡ ಪದ್ಯದಲ್ಲಿ. ಬದನೆಕಾಯಿ ಮಾರುವ ಸಾಬರ ಮುಂದೆ ಒಂದು ಕಾಯಿಯನ್ನು ಎತ್ತಿ ಹಿಡಿದು, ಆಸ್ಥಾನದಲ್ಲಿ ನಿಂತವನಂತೆ ಕೂಗುತ್ತಿದ್ದ:

ಹಸಿರು ಕಿರೀಟದ ಬದನೆ ರಾಜ,
ಹೊಟ್ಟೆಯೊಳಗಿನ ಹುಳಕ್ಕೆ ಮಜಾ!

ಸಾಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನನ್ ಮಾಲ್‌ನೇ ಬೈತೀರಲ್ಲ ಸಾಬ್" ಎನ್ನುತ್ತಲೇ ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಿದ್ದರು. ಪಕ್ಕದ ಅಂಗಡಿಯವರೂ ಎದ್ದು ಬಂದು ಇನ್ನೊಮ್ಮೆ ಹೇಳಿಸುತ್ತಿದ್ದರು.

ಅದೇ ಮನುಷ್ಯ ಸಂಜೆ ಪೆನ್ನು ಹಿಡಿದರೆ ಸಾಕು, ಮನೆಯಲ್ಲಿ ಯಾರೋ ಸತ್ತಿರುವಂತೆ ಬರೆಯುತ್ತಿದ್ದ. ಕತ್ತಲೆ, ಪೊಳ್ಳು, ಹದ್ದು, ನಾನು, ಮತ್ತೆ ನಾನು. ಕಾಲವೇ ಹಾಗಿತ್ತು. ಹೊಸ ಕವಿತೆಯಲ್ಲಿ ವ್ಯಂಗ್ಯಕ್ಕೆ ಜಾಗವಿತ್ತು, ನಗುವಿಗೆ ಇರಲಿಲ್ಲ. ವ್ಯಂಗ್ಯವೆಂದರೆ ಕವಿ ತುಟಿಯಂಚಿನಲ್ಲಿ ನಗಬಹುದು, ಓದುವವನು ಮಾತ್ರ ನಗಕೂಡದು. ನಗಿಸುವ ಪದ್ಯ ಬರೆದವನಿಗೆ ಗಣೇಶನ ಪೆಂಡಾಲು ಕಾದಿರುತ್ತಿತ್ತು. ಪತ್ರಿಕೆಯವರು ಪುಟದ ಕೆಳಗೆ ಜಾಗ ಉಳಿದರೆ ಅವನ ನಾಲ್ಕು ಸಾಲು ತುಂಬುತ್ತಿದ್ದರು. ನಾನೂ ಆಗ ಒಂದಿಷ್ಟು ಗೀಚುತ್ತಿದ್ದೆ, ನನ್ನವೂ ಅಳುಮುಂಜಿ ಕವಿತೆಗಳೇ. ಆದರೆ ನನ್ನಲ್ಲಿ ಬೇರೇನೂ ಇರಲಿಲ್ಲ. ಅವನಲ್ಲಿ ಇತ್ತು. ಅದು ಹಾಳಾಗಿ ಹೋಗುತ್ತಿದೆಯಲ್ಲ ಎಂದು ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ಹಲಸೂರು ಕೆರೆಯ ದಂಡೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಾಗ ಕೇಳಿಯೇಬಿಟ್ಟೆ.

"ಬದನೆ ರಾಜನ್ನ ಯಾಕೋ ಕವಿತೆಗೆ ತರಲ್ಲ?"

"ಅದು ಮಾರ್ಕೆಟ್ಟಿಗೆ ಗುರು, ಕವಿತೆಗಲ್ಲ."

"ಮಾರ್ಕೆಟ್ಟಲ್ಲಿರೋನು ನೀನೇ ತಾನೇ? ಬರಿಯೋನು ಬೇರೆಯವನಾ?"

ಅವನು ಇನ್ನೊಂದು ಕಡಲೆಕಾಯಿ ಸುಲಿದ. ಆದರೆ ಮಾತು ತಲೆಯಲ್ಲಿ ಕೂತಿರಬೇಕು. ಮುಂದಿನ ಕವಿಗೋಷ್ಠಿಗೆ ಮಾರುಕಟ್ಟೆಯ ಬಗ್ಗೆ ಒಂದು ಉದ್ದನೆಯ ಕವಿತೆ ಬರೆದು ತಂದ. ಹದ್ದು ಇತ್ತು, ಕತ್ತಲೆ ಇತ್ತು, ನಟ್ಟನಡುವೆ ಆ ಎರಡು ಸಾಲೂ ಇದ್ದವು.

ನಮ್ಮ ಗೋಷ್ಠಿ ನಡೆಯುತ್ತಿದ್ದುದು ಹಲಸೂರಿನ ಒಂದು ಶಾಲೆಯ ಕೊಠಡಿಯಲ್ಲಿ. ಅಲ್ಲೊಂದು ರೂಢಿಯಿತ್ತು. ಹೊಸ ಕವಿತೆಗೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಕವಿತೆ ಮುಗಿದ ಮೇಲೆ ತಲೆ ತಗ್ಗಿಸಿ, "ಹ್ಞೂಂ" ಎಂದು ಉಸಿರು ಬಿಡಬೇಕು, ಅದೇ ಮರ್ಯಾದೆ. ಆ ದಿನ ಅವನು ಎಂದಿನಂತೆ ಸಪ್ಪೆ ದನಿಯಲ್ಲಿ ಓದಲು ಶುರುಮಾಡಿದ. ಬದನೆ ರಾಜ ಬಂದದ್ದೇ ಅವನ ದನಿ ತಾನಾಗಿ ಏರಿತು, ಹುಬ್ಬೂ ಮೇಲೆ ಹೋಯಿತು. ಕೊಠಡಿಯಿಡೀ ಗೊಳ್ಳೆಂದಿತು. ಚಿಕ್ಕ ಬೆಂಚಿನಲ್ಲಿ ಮುದುಡಿ ಕೂತಿದ್ದ ನಮ್ಮ ಹೆಡ್ ಕ್ಲರ್ಕು ಕಣ್ಣೊರೆಸಿಕೊಂಡರು. ಗೆಳೆಯನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಕುಣಿಯುತ್ತಿತ್ತು. ಆಮೇಲೆ ಬಂದ ಕತ್ತಲೆಯ ಸಾಲುಗಳನ್ನು ಜನ ಎಂದಿಗಿಂತ ಗಮನವಿಟ್ಟು ಕೇಳಿದರು. ಹೊಟ್ಟೆಯೊಳಗಿನ ಹುಳ ಬದನೆಯದು ಮಾತ್ರವಲ್ಲ, ತಮ್ಮದೂ ಹೌದೆಂದು ಎಲ್ಲರಿಗೂ ತಿಳಿದಿತ್ತು. ನಾನು ಗೆದ್ದೆ ಅಂದುಕೊಂಡೆ.

ಅಧ್ಯಕ್ಷರಾಗಿದ್ದ ವಿಮರ್ಶಕರು ಕೊನೆಗೆ ಎದ್ದು, ಕನ್ನಡಕ ಒರೆಸಿ, ಮೆತ್ತಗೆ ಹೇಳಿದರು: "ಒಳ್ಳೆಯ ಕವಿತೆ. ಆದರೆ ಸಭಿಕರು ನಕ್ಕ ಜಾಗದಲ್ಲಿ ಅದು ಸೋತಿದೆ."

ಸಭೆ "ಹ್ಞೂಂ" ಎಂದಿತು. ಈಗಷ್ಟೇ ಕಣ್ಣೊರೆಸಿಕೊಂಡಿದ್ದ ಹೆಡ್ ಕ್ಲರ್ಕೂ ಸೇರಿದಂತೆ.

ಗೆಳೆಯ ಆ ಎರಡು ಸಾಲು ಕಿತ್ತುಹಾಕಿದ. ಕವಿತೆ ಅಚ್ಚಾಯಿತು, ಹೊಗಳಿಕೆ ಬಂತು, ಬೇರೆ ಊರುಗಳಿಂದ ಕರೆಗಳು ಬಂದವು. ಕೆಟ್ಟ ಕವಿತೆ ಎಂದು ನಾನೂ ಹೇಳಲಾರೆ. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಗಂಭೀರ ಕವಿ ಎಂದು ಹೆಸರಾದ ಮೇಲೆ ಅವನು ಆ ಹೆಸರಿಗೆ ತಕ್ಕ ಹಾಗೆ ಇರತೊಡಗಿದ. ಗಡ್ಡ ಬಿಟ್ಟ, ದಪ್ಪ ಚೌಕಟ್ಟಿನ ಕನ್ನಡಕ ಬಂತು. ಕಚೇರಿಯ ಚಹಾ ಹೊತ್ತಿನಲ್ಲಿ ಅವನ ಮೇಜಿನ ಸುತ್ತ ಸೇರುತ್ತಿದ್ದ ಗುಂಪು ಮೆಲ್ಲಗೆ ಕರಗಿತು. ಯಾರಾದರೂ ಚಟಾಕಿ ಹಾರಿಸಿದರೆ ಕಿಟಕಿಯ ಕಡೆ ನೋಡುತ್ತಿದ್ದ. ಇಂದಿರಾನಗರದಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿಸಿ ಹೋದ ಮೇಲೆ ಮಾರುಕಟ್ಟೆಯ ಭಾನುವಾರಗಳೂ ನಿಂತವು. ಒಮ್ಮೆ ಅವನ ಹೆಂಡತಿಯನ್ನು ಮನೆಯಲ್ಲಿ ಹೇಗಿದ್ದಾನೆ ಎಂದು ಕೇಳಿದೆ.

"ಚೆನ್ನಾಗಿದ್ದಾರೆ. ಮನೇಲೂ ಅಚ್ಚಾದ ಹಾಗೇ ಇರ್ತಾರೆ, ಅಷ್ಟೇ" ಎಂದರು.

ನನಗೆ ನಗು ಬಂತು. ಆಕೆ ನಗಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಭಾನುವಾರ ನಾನೇ ಹಟ ಹಿಡಿದು ಅವನನ್ನು ರಸೆಲ್ ಮಾರುಕಟ್ಟೆಗೆ ಎಳೆದುಕೊಂಡು ಹೋದೆ. ಆಸೆ ಇಷ್ಟೇ: ಆ ಜಾಗ, ಆ ಗಲಾಟೆ, ಆ ವಾಸನೆ ಸೇರಿ ಅವನ ಬಾಯಿ ಬಿಡಿಸಬಹುದು. ಅವನು ಚೀಲ ಹಿಡಿದು ನನ್ನ ಪಕ್ಕದಲ್ಲಿ ಸುಮ್ಮನೆ ನಡೆದ. ಹೂವಿನವಳು ಕೂಗಿದಳು, ತಿರುಗಲಿಲ್ಲ. ಬದನೆಕಾಯಿ ಸಾಬರಿಗೆ ಗಡ್ಡವೆಲ್ಲ ಬೆಳ್ಳಗಾಗಿತ್ತು. ನನ್ನ ಗುರುತು ಸಿಕ್ಕಿತು, ಮುಖ ಅರಳಿತು.

"ಬನ್ನಿ ಸಾಬ್, ಎಷ್ಟ್ ದಿನ ಆಯ್ತು!" ಎಂದು ತೂಗುತ್ತಾ, ಒಂದು ಕಾಯಿ ಎತ್ತಿ ತಾವೇ ಹೇಳಿದರು, "ಬದನೆ ರಾಜ, ಹುಳಕ್ಕೆ ಮಜಾ!" ನಕ್ಕು, ಆಮೇಲೆ ದನಿ ತಗ್ಗಿಸಿದರು. "ನಿಮ್ ಜೊತೆ ಬರ್ತಿದ್ರಲ್ಲ, ನಗ್ಸೋ ಸಾಬು. ಕಾಣೋದೇ ಇಲ್ಲ. ತೀರ್ಕೊಂಡ್ರಾ?"

ಅವನು ನನ್ನ ಮಗ್ಗುಲಲ್ಲೇ ನಿಂತಿದ್ದ.

"ಹ್ಞೂಂ, ಹೋಗ್ಬಿಟ್ರು" ಎಂದ ಅವನೇ.

ನಾನು ಅವನ ಮುಖ ನೋಡಿದೆ. ಹಳೆಯ ಹುಬ್ಬು ಈಗ ಮೇಲೇರುತ್ತದೆ, ಸಾಬರು ಗುರುತು ಹಿಡಿಯುತ್ತಾರೆ, ಮೂವರೂ ಬಿದ್ದು ಬಿದ್ದು ನಗುತ್ತೇವೆ ಎಂದು ಕಾದೆ. ಸಾಬರು ತಕ್ಕಡಿ ಇಳಿಸಿ, ಆಕಾಶದ ಕಡೆ ಕೈಯೆತ್ತಿ ಏನೋ ಹೇಳಿಕೊಂಡರು. ಅವನು ಚೀಲದ ಬಾಯಿ ಅಗಲಿಸಿ ಹಿಡಿದು, ಚೌಕಾಸಿ ಮಾಡದೆ ಬದನೆಕಾಯಿ ಹಾಕಿಸಿಕೊಂಡ.