ಬೀಫಾತುಮ್ಮನ ತಿಮರೆ ಪರೀಕ್ಷೆ

ಬೀಫಾತುಮ್ಮ ನಕ್ಕರೆ ಹಲ್ಲು ಹಸಿರು. ಕುದ್ರೋಳಿಯ ನಮ್ಮ ಓಣಿಯಲ್ಲಿ ಉಳಿದವರು ವೀಳ್ಯ ಜಗಿದು ಬಾಯಿ ಕೆಂಪು ಮಾಡಿಕೊಂಡರೆ, ಪಕ್ಕದ ಮನೆಯ ಈ ಹೆಂಗಸು ದಿನವಿಡೀ ತಿಮರೆ ಸೊಪ್ಪು ಜಗಿಯುತ್ತಿದ್ದರು. ಘಟ್ಟದ ಮೇಲಿನವರು ಒಂದೆಲಗ ಎನ್ನುತ್ತಾರಲ್ಲ, ನೆನಪಿಗೆ ಒಳ್ಳೆಯದೆನ್ನುವ ಆ ಸೊಪ್ಪೇ. ಮೀನಿನವರು ಬಿಸಾಡಿದ ಥರ್ಮಾಕೋಲ್ ಪೆಟ್ಟಿಗೆಗಳಿಗೆ ಮಣ್ಣು ತುಂಬಿ ಅಂಗಳವಿಡೀ ಅದನ್ನೇ ಬೆಳೆಸಿದ್ದರು.

ಕಾರಣ ಅವರ ಅಕ್ಕ. ಅಕ್ಕನಿಗೆ ಬಹಳ ವರ್ಷ ಶುಗರ್ ಇತ್ತು. ಕೊನೆಗೆ ಹೆತ್ತ ಮಕ್ಕಳ ಗುರುತೇ ಸಿಗಲಿಲ್ಲ. ಶುಗರ್ ಹಿಡಿತಕ್ಕೆ ಬಾರದಿದ್ದರೆ ಕಣ್ಣು, ಕಾಲಿನ ಹಾಗೆ ಮೆದುಳಿಗೂ ಪೆಟ್ಟು ಎಂದು ಡಾಕ್ಟರಮ್ಮ ಹೇಳಿದ್ದರಂತೆ. ಈಗ ಬೀಫಾತುಮ್ಮನಿಗೂ ಶುಗರ್.

“ಕಾಲು ಹೋದ್ರೆ ಕೋಲು ಉಂಟು ಸುನಂದಕ್ಕ. ತಲೆ ಹೋದ್ರೆ ಎಂತ ಹಿಡ್ಕೊಳ್ಳುವುದು?”

ತಲೆ ಸರಿಯಾಗಿದೆಯೇ ಎಂದು ನೋಡಲು ಅವರದ್ದೇ ಒಂದು ಪರೀಕ್ಷೆ. ಬೆಳಿಗ್ಗೆ ಕಂಪೌಂಡ್ ಗೋಡೆಯ ಆಚೆ ನಿಂತು, ಹಿಂದಿನ ದಿನ ನಮ್ಮಲ್ಲಿ ಯಾವ ಮೀನು ಎಂದು ಹೇಳುವುದು. ಮೀನಿನವಳ ಬುಟ್ಟಿಯ ಎದುರು ಚೌಕಾಶಿಗೆ ಕೂರುವುದು ನಾವಿಬ್ಬರೂ ಒಟ್ಟಿಗೇ. ನಾನೇನು ಕಡಿಮೆಯೇ? ಬಂಗುಡೆ ಮಾಡಿದ ಮರುದಿನ ಬೂತಾಯಿ ಎಂದು ವಾದಿಸುತ್ತಿದ್ದೆ.

“ಸುಳ್ಳು ಹೇಳ್ಬೇಡಿ ಮಾರಾಯ್ತಿ, ಆರಿಸಿ ಕೊಟ್ಟದ್ದೇ ನಾನು!”

ಒಮ್ಮೆ ಅವರ ಕುತೂಹಲ ಮಿತಿಮೀರಿತು. “ಮಾತ್ರೆಯೂ ತಿಂತೇನೆ, ತಿಮರೆಯೂ ತಿಂತೇನೆ. ಕೆಲಸ ಮಾಡುವುದು ಯಾವುದು ಅಂತ ಗೊತ್ತಾಗುವುದು ಹೇಗೆ?” ನಾನು ನಕ್ಕು ಬಿಟ್ಟೆ. ಅವರು ಗುಟ್ಟಾಗಿ ಮಾತ್ರೆ ನಿಲ್ಲಿಸಿದ್ದು ಯಾರಿಗೂ ತಿಳಿಯಲಿಲ್ಲ.

ಕೆಲವು ವಾರಗಳ ನಂತರ, ಒಂದು ಮಂಗಳವಾರ, ಚೊಂಬು ಹಿಡಿದುಕೊಂಡೇ ಗೋಡೆಯ ಬಳಿ ಬಂದರು. ನೀರು ಕುಡಿದಷ್ಟೂ ಸಾಲುತ್ತಿರಲಿಲ್ಲ.

“ನಿನ್ನೆ ನಮ್ಮಲ್ಲಿ ಎಂತ ಮೀನು?” ಎಂದು ತಮಾಷೆಗೆ ಕೇಳಿದೆ.

“ಬೂತಾಯಿ.”

ಸೋಮವಾರ ನಮ್ಮ ಮನೆಗೆ ಮೀನು ತರುವುದೇ ಇಲ್ಲ. ‘ಇವತ್ತು ನಿಮ್ಮ ಬೆಕ್ಕಿಗೂ ಉಪವಾಸ’ ಎಂದು ಇಷ್ಟು ವರ್ಷ ತಮಾಷೆ ಮಾಡಿದವರು ಅವರೇ. ನನಗೆ ನಗು ಬರಲಿಲ್ಲ; ಅವರ ಸೊಸೆ ನಸೀಮಾಳನ್ನು ಕೂಗಿದೆ. ಆಸ್ಪತ್ರೆಯಲ್ಲಿ ನೋಡಿದರೆ ಶುಗರ್ ಸಿಕ್ಕಾಪಟ್ಟೆ ಏರಿತ್ತು.

ಚೇತರಿಸಿಕೊಂಡದ್ದೇ ಡಾಕ್ಟರಮ್ಮನನ್ನು ಹಿಡಿದರು. “ತಿಮರೆ ತಲೆಗೆ ಒಳ್ಳೆಯದಾ, ಅಲ್ವಾ? ಒಂದು ಹೇಳಿ.”

“ಚಟ್ನಿ ಮಾಡಿ ತಿನ್ನಿ, ಬೇಡ ಅನ್ನುವುದಿಲ್ಲ. ಮೆದುಳನ್ನು ಕಾಯ್ತದಾ ಅಂತ ಇನ್ನೂ ಹುಡುಕ್ತಾ ಇದ್ದಾರೆ. ಮಾತ್ರೆ ಬಿಡುವ ಹಾಗೇ ಇಲ್ಲ.”

“ಹುಡುಕುವವರಿಗೆ ಹೇಳಿ, ಕುದ್ರೋಳಿಯಲ್ಲಿ ಒಬ್ಬಳು ಫೇಲಾಗಿದ್ದಾಳೆ ಅಂತ!”

ಆಮೇಲೆ ಮಾತ್ರೆ ತಪ್ಪಿಸಲಿಲ್ಲ. ಸೊಪ್ಪನ್ನೂ ಬಿಡಲಿಲ್ಲ.

ಕಳೆದ ವರ್ಷ ಅವರ ಹೃದಯ ಸೋತಿತು. ಗಲ್ಫ್‌ನಿಂದ ಮಕ್ಕಳು, ಮೊಮ್ಮಕ್ಕಳು ಬಂದು ಮಂಚದ ಸುತ್ತ ನಿಂತಿದ್ದರು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದರು. ತಾಯಿಯ ಸೊಂಟದ ಮೇಲಿದ್ದ ಕೂಸನ್ನೂ ಬಿಡಲಿಲ್ಲ. ನಾನು ಹತ್ತಿರ ಹೋಗಿ ಕೂತು ಕೈ ಹಿಡಿದೆ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

“ಇವರು ಯಾರು ನಸೀಮಾ?”

ನಾನು ಹಿಡಿದ ಕೈ ಬಿಡದೆ ನಸೀಮಾಳ ಕಡೆ ತಿರುಗಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಹೊದಿಕೆಯ ಕೆಳಗೆ ಅವರ ಹೊಟ್ಟೆ ನಗುವಿಗೆ ಕುಲುಕತೊಡಗಿತು.

“ಹೆದರಿದ್ರಾ ಸುನಂದಕ್ಕ?”

“ಥೂ! ಇನ್ನು ನಿಮ್ಮ ಹತ್ರ ಮಾತಾಡುವುದೇ ಇಲ್ಲ,” ಎಂದು ಕೈ ಕೊಡವಿ ಎದ್ದು ಬಂದೆ.

ಸಂಜೆಯೊಳಗೆ ಅವರು ಹೋಗಿಬಿಟ್ಟರು.